ಡೈಲಾಗ್ ಸ್ವಲ್ಪ ನೀವೇ ಮಾಡ್ಕೊಳ್ಳಿ ಅಕ್ಕ

ಹಾಸನದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡ ಇದೆ. ನಾನು ಲೈಟು ನೋಡಿಕೊಳ್ಳುತ್ತೇನೆ, ಯಾರಾದರೂ ಕೈಕೊಟ್ಟ ದಿನ ಪ್ರಾಂಪ್ಟಿಂಗ್ ಕೂಡ ನನ್ನದೇ. ಸಂಜೆ ಆರೂವರೆಗೆ ಒಂದು ಶಾಲೆಯ ಹಾಲ್‌ನಲ್ಲಿ ತಾಲೀಮು. ಅಲ್ಲಿಗೆ ಬರುವ ನಟಿಯೊಬ್ಬರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಹಗಲು ಟೀಚರ್ ಕೆಲಸ, ಸಂಜೆ ನಾಟಕ, ನಡುವೆ ಮನೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ.

ಹೋದ ವರ್ಷದ ನಾಟಕದಲ್ಲಿ ಒಂದು ಸೀನ್ ಇತ್ತು. ಬೆಂಗಳೂರಿಂದ ಮಗ ಬಂದಿದ್ದಾನೆ, ಜಮೀನಿನ ಕಾಗದಕ್ಕೆ ಅಮ್ಮನ ಸೈನ್ ಬೇಕು. ಸ್ಕ್ರಿಪ್ಟ್‌ನಲ್ಲಿ ಅಮ್ಮನ ಮಾತು ಹೀಗಿತ್ತು: ‘ನಿನ್ನ ತಂದೆಯ ಆಸ್ತಿಯಲ್ಲಿ ನಿನಗೆ ಎಷ್ಟು ಹಕ್ಕಿದೆಯೋ ನನಗೂ ಅಷ್ಟೇ ಹಕ್ಕಿದೆ.’ ಅಕ್ಕ ಮೂರು ಸಲ ಹೇಳಿ ನೋಡಿದರು. ಮೂರೂ ಸಲ ತಾಲ್ಲೂಕು ಕಚೇರಿ ನೋಟಿಸ್ ಓದಿದ ಹಾಗೆ ಕೇಳಿಸಿತು. ನಿರ್ದೇಶಕರು ಗಡಿಯಾರ ನೋಡಿದರು. ‘ಅದೊಂದು ಡೈಲಾಗ್ ಸ್ವಲ್ಪ ನೀವೇ ಮಾಡ್ಕೊಳ್ಳಿ ಅಕ್ಕ’ ಅಂದರು. ನಾಲ್ಕನೇ ಸಲಕ್ಕೆ ಅಕ್ಕ ಮಗನ ಕೈಯಲ್ಲಿದ್ದ ಪೆನ್ನು ಇಸ್ಕೊಂಡು ತಮ್ಮ ಸೆರಗಿಗೆ ಸಿಕ್ಕಿಸಿಕೊಂಡರು. ‘ಕೂತ್ಕೊ. ಮೊದ್ಲು ಉಣ್ಣು. ಕೈ ಎಂಜ್ಲಾದ್ರೆ ಕಾಗ್ದ ಮುಟ್ಟಕ್ಕಾಗಲ್ಲ. ಅಷ್ಟೊತ್ತಾದ್ರೂ ನನ್ ಜೊತೆ ಇರ್ತೀಯ.’

ಹಾಸನಾಂಬ ಕಲಾಕ್ಷೇತ್ರದಲ್ಲಿ ಶೋ ದಿನ ಈ ಮಾತಿಗೆ ಚಪ್ಪಾಳೆ ಬರಲಿಲ್ಲ. ಅದುವರೆಗೂ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು, ಅಷ್ಟೇ. ನಾಟಕದವರಿಗೆ ಗೊತ್ತು, ಅದು ಚಪ್ಪಾಳೆಗಿಂತ ಜಾಸ್ತಿ.

ಈಗ ಆ ನಾಟಕದ ಪಾಂಪ್ಲೆಟ್ ತೆಗೆದು ನೋಡಿದೆ. ರಚನೆಗೆ ಒಬ್ಬರ ಹೆಸರು, ನಿರ್ದೇಶನಕ್ಕೆ ಒಬ್ಬರದು. ಬೆಳಕು ಅಂತ ನನ್ನ ಹೆಸರೂ ಇದೆ. ಅಕ್ಕನ ಹೆಸರು ‘ರಂಗದ ಮೇಲೆ’ ಪಟ್ಟಿಯಲ್ಲಿ ಮೂರನೆಯದು. ಸ್ವಿಚ್ ಒತ್ತಿದವನಿಗೆ ಒಂದು ಸಾಲು ಸಿಕ್ಕಿದೆ, ಸೀನ್ ಬರೆದವರಿಗೆ ಸಿಕ್ಕಿಲ್ಲ.

ರಂಗಭೂಮಿಯ ನಟಿಯರು ಯಾಕೆ ಚಿತ್ರಕಥೆ ಬರೆಯುವ ಕಡೆಗೆ ಹೆಚ್ಚು ಬರುತ್ತಿಲ್ಲ ಅನ್ನುವ ಪ್ರಶ್ನೆ ಆಗಾಗ ಬರುತ್ತದೆ. ಮನೆ ಜವಾಬ್ದಾರಿ, ತರಬೇತಿ ಇಲ್ಲ, ಚಿತ್ರರಂಗ ಗಂಡಸರ ಕೈಯಲ್ಲಿದೆ, ಹೀಗೆ ಉತ್ತರಗಳೂ ರೆಡಿ ಇರುತ್ತವೆ. ಯಾವುದೂ ಸುಳ್ಳಲ್ಲ. ಆದರೆ ಪ್ರಶ್ನೆಯಲ್ಲೇ ಒಂದು ತಪ್ಪಿದೆ ಅನ್ನಿಸುತ್ತದೆ ನನಗೆ. ಅವರು ಬರೆಯುತ್ತಲೇ ಇದ್ದಾರೆ. ಲೆಕ್ಕಕ್ಕೆ ಯಾರೂ ತೆಗೆದುಕೊಳ್ಳುತ್ತಿಲ್ಲ. ಅಕ್ಕ ಮಾಡಿದ್ದನ್ನೇ ನೋಡಿ. ಹಕ್ಕು ಅನ್ನುವ ಮಾತನ್ನೇ ತೆಗೆದರು, ಬದಲಿಗೆ ಒಂದು ಪೆನ್ನು, ಒಂದು ಊಟ, ಒಂದು ನೆಪ ಇಟ್ಟರು. ಹೇಳುವುದನ್ನು ತೋರಿಸುವುದಾಗಿ ಮಾಡಿದರು. ಚಿತ್ರಕಥೆ ಕ್ಲಾಸಿಗೆ ದುಡ್ಡು ಕಟ್ಟಿ ಕೂತರೆ ಹೇಳಿಕೊಡುವುದು ಹೆಚ್ಚುಕಮ್ಮಿ ಇದನ್ನೇ ಅಲ್ವಾ?

ಸ್ಟೇಜಿನಿಂದ ಸಿನಿಮಾ ಬರವಣಿಗೆಗೆ ಹೋಗುವ ದಾರಿ ಕನ್ನಡದಲ್ಲಿ ಹೊಸದೇನಲ್ಲ. ನಮ್ಮ ಮೊದಲ ಟಾಕಿ ‘ಸತಿ ಸುಲೋಚನಾ’ ಬಂದದ್ದು 1934ರಲ್ಲಿ. ಅದಕ್ಕೆ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ, ಗುಬ್ಬಿ ಕಂಪನಿಗೆ ನಾಟಕ ಬರೆದವರು. ಕಂಪನಿ ನಾಟಕದಲ್ಲಿ ಬರೆಯುವವರನ್ನು ಕವಿ ಅಂತಲೇ ಕರೆಯುತ್ತಿದ್ದರು. ಆ ಕವಿಯೇ ನೇರ ಟಾಕಿಗೆ ಹೋದರು. ಹಾಗಾಗಿ ದಾರಿ ಮೊದಲ ದಿನದಿಂದಲೇ ಇತ್ತು, ಆದರೆ ಅದರಲ್ಲಿ ನಡೆದವರು ಗಂಡಸರು. ಬಿ. ಜಯಮ್ಮನವರಂಥ ನಟಿಯರು ಕೂಡ ಸ್ಟೇಜಿನಿಂದ ತೆರೆಗೆ ಹೋದರು, ಹೋದದ್ದು ಪಾತ್ರ ಮಾಡಲಿಕ್ಕೆ. ಕವಿಯ ನೋಟ್‌ಬುಕ್ ಹೆಂಗಸರ ಕೈಗೆ ಬರಲಿಲ್ಲ. ಕಂಪನಿಯ ಯಜಮಾನಿಕೆಯೇ ಕೈಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಮೈಸೂರಿನ ಆರ್. ನಾಗರತ್ನಮ್ಮ ಉದಾಹರಣೆ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸನಂಥ ಗಂಡು ಪಾತ್ರಗಳನ್ನೂ ತಾವೇ ಮಾಡಿದರು. 2012ರಲ್ಲಿ ಪದ್ಮಶ್ರೀ ಬಂತು. ಆದರೆ ಅಂಥವರು ಬೆರಳೆಣಿಕೆ.

ಕಲಿಸುವ ಜಾಗಗಳು ಆಮೇಲೆ ಬಂದವು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು, ಮೈಸೂರಿನ ರಂಗಾಯಣ 1989ರಲ್ಲಿ. ಚಿಕ್ಕಮಗಳೂರಿನ ಗಡಿ ದಾಟಿದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ ಇದೆ. ಇವುಗಳಿಂದ ಒಳ್ಳೊಳ್ಳೆಯ ನಟಿಯರು ಬಂದರು, ಈಗಲೂ ಬರುತ್ತಿದ್ದಾರೆ. ಇಂಥ ಕಡೆ ಪಳಗಿದ ನಟಿ ಕಥೆಯೊಂದನ್ನು ತಾನೇ ರಂಗರೂಪಕ್ಕೆ ತಂದು ಏಕವ್ಯಕ್ತಿ ಪ್ರಯೋಗ ಮಾಡುವುದು ಈಗ ಮಾಮೂಲಿ. ಎಲ್ಲಿ ಶುರು, ಎಲ್ಲಿ ಕಟ್, ಯಾವುದನ್ನು ಮಾತಲ್ಲಿ ಹೇಳಬೇಕು, ಯಾವುದನ್ನು ಸುಮ್ನೆ ಒಂದು ನೋಟದಲ್ಲಿ ಮುಗಿಸಬೇಕು, ಇಷ್ಟೂ ತೀರ್ಮಾನ ಅವಳದೇ. ಆದರೂ ಸಿನಿಮಾದವರು ಆ ಪ್ರಯೋಗ ನೋಡಿ ಬಂದು ಕೇಳುವುದು ‘ಒಂದು ತಾಯಿ ಪಾತ್ರ ಇದೆ, ಮಾಡ್ತೀರಾ?’

ನಮ್ಮೂರಿನದೇ ಇನ್ನೊಂದು ವಿಷಯ ತೆಗೆದುಕೊಳ್ಳಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು, ಅನುವಾದ ಮಾಡಿದ ದೀಪಾ ಭಾಸ್ತಿಯವರಿಗೂ ಅದರಲ್ಲಿ ಸಮಪಾಲು. ಆವತ್ತು ಹಾಸನದಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ಆದರೆ ಅವರ ‘ಕರಿ ನಾಗರಗಳು’ ಕಥೆ ಇಪ್ಪತ್ತು ವರ್ಷದ ಹಿಂದೆಯೇ ಸಿನಿಮಾ ಆಗಿತ್ತು, ಗಿರೀಶ್ ಕಾಸರವಳ್ಳಿಯವರ ‘ಹಸೀನಾ’. ಅದರ ನಟನೆಗೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದಾಗಿ ಕೆಲವೇ ವರ್ಷಕ್ಕೆ ವೈದೇಹಿಯವರ ಕಥೆ ಆಧರಿಸಿದ ‘ಗುಲಾಬಿ ಟಾಕೀಸ್’. ಅದೂ ಕಾಸರವಳ್ಳಿಯವರದೇ, ಅದರಲ್ಲಿ ರಾಷ್ಟ್ರಪ್ರಶಸ್ತಿ ಪಡೆದವರು ರಂಗಭೂಮಿಯಿಂದಲೇ ಬಂದ ಉಮಾಶ್ರೀ. ಎರಡರಲ್ಲೂ ಕಥೆ ಹೆಂಗಸಿನದು, ನಟನೆ ಹೆಂಗಸಿನದು. ಎರಡೂ ಒಳ್ಳೆಯ ಸಿನಿಮಾಗಳು, ಅದರಲ್ಲಿ ನನಗೆ ತಕರಾರಿಲ್ಲ. ನಾನು ಹೇಳುತ್ತಿರುವುದು ಕಥೆಗೂ ನಟನೆಗೂ ನಡುವೆ ಇರುವ ಆ ಕುರ್ಚಿಯ ಬಗ್ಗೆ. ಚಿತ್ರಕಥೆಯ ಕುರ್ಚಿ. ಕನ್ನಡದಲ್ಲಿ ಅದರಲ್ಲಿ ಹೆಂಗಸು ಕೂತದ್ದು ಕಡಿಮೆ.

ಇನ್ನೂ ಒಂದಿದೆ. ಬಾನು ಮೇಡಂ ಕಥೆ ಅಂತ ನಮಗೆ ಗೊತ್ತಾಗುವುದು ಹೇಗೆ? ಪುಸ್ತಕ ಇತ್ತು, ಅದರ ಮೇಲೆ ಹೆಸರಿತ್ತು. ಅಕ್ಕನ ಪೆನ್ನಿನ ಸೀನ್‌ಗೆ ಪುಸ್ತಕ ಇಲ್ಲ. ಶೋ ಮುಗಿದು ಸೆಟ್ ಬಿಚ್ಚಿದ ಮೇಲೆ ಅದು ನಾಟಕದ ಸ್ಕ್ರಿಪ್ಟ್‌ಗೆ ಸೇರಿಹೋಯಿತು, ಸ್ಕ್ರಿಪ್ಟ್ ರಚನಕಾರರದ್ದು. ಅವರೇನೂ ಕೆಟ್ಟವರಲ್ಲ ಪಾಪ, ‘ಅಕ್ಕ ಚೆನ್ನಾಗಿ ಮಾಡಿದ್ರು’ ಅಂತ ಎಲ್ಲ ಕಡೆ ಹೇಳುತ್ತಾರೆ. ಮಾಡಿದ್ರು ಅಂತ ಹೇಳುತ್ತಾರೆ. ಬರೆದ್ರು ಅಂತ ಹೇಳುವುದಿಲ್ಲ.

ಕುರ್ಚಿಯಲ್ಲಿ ಕೂತವರೂ ಇದ್ದಾರೆ. ಪ್ರೇಮಾ ಕಾರಂತ್ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮಕ್ಕಳ ರಂಗಭೂಮಿಯಲ್ಲಿ ಕೆಲಸ ಮಾಡಿ, 1983ರ ಹೊತ್ತಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ತೆರೆಗೆ ತಂದರು. ನಮ್ಮ ಕಾಲದಲ್ಲಿ ಚಂಪಾ ಶೆಟ್ಟಿಯವರದು ನನಗೆ ತುಂಬಾ ಹಿಡಿಸಿದ ದಾರಿ. ವೈದೇಹಿಯವರ ಕಥೆಗಳನ್ನು ಮೊದಲು ‘ಅಕ್ಕು’ ಅನ್ನುವ ನಾಟಕ ಮಾಡಿದರು, ಆಮೇಲೆ ಅದನ್ನೇ 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಸಿನಿಮಾ ಮಾಡಿದರು. ಕಥೆಯನ್ನು ಸ್ಟೇಜಿನ ಮೇಲೆ ಇಟ್ಟು, ಜನ ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ನೋಡಿಕೊಂಡು ಆಮೇಲೆ ಕ್ಯಾಮೆರಾ ಮುಂದೆ ಇಡುವುದು. ದುಡ್ಡು ಕೊಟ್ಟರೂ ಸಿಗದ ಟೆಸ್ಟಿಂಗ್ ಅದು. ರಂಗಭೂಮಿಯವರಿಗೆ ಅದು ಪುಕ್ಕಟೆ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಹಾಸನದಿಂದ ಬೆಂಗಳೂರು ನೂರೆಂಬತ್ತು ಚಿಲ್ಲರೆ ಕಿಲೋಮೀಟರ್. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ರೈಲು ಬಂದ ಮೇಲೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವುದು ಸುಲಭವಾಯಿತು. ಆದರೂ ನಟನೆಗೆ ಅಂದರೆ ದೇಹ ಅಲ್ಲಿ ಇರಬೇಕು. ಸೀರಿಯಲ್‌ನವರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ನಾಳೆ ಏಳಕ್ಕೆ ಸೆಟ್‌ನಲ್ಲಿ ಇರಿ ಅಂದರೆ ಹಾಸನದವಳು ಎಲ್ಲಿ ಹಾರಿ ಹೋಗಬೇಕು? ಬರವಣಿಗೆಗೆ ಈ ತೊಂದರೆ ಇಲ್ಲ. ವಾರಕ್ಕೆ ಐದಾರು ಎಪಿಸೋಡ್ ಹೋಗುವ ಸೀರಿಯಲ್‌ಗೆ ಒನ್‌ಲೈನ್, ಅಂದರೆ ಸೀನ್‌ಗಳ ಸಾರ, ಒಬ್ಬರು ಮಾಡುತ್ತಾರೆ, ಸಂಭಾಷಣೆ ಇನ್ನೊಬ್ಬರು ತುಂಬುತ್ತಾರೆ, ಎಲ್ಲ ವಾಟ್ಸಾಪ್‌ನಲ್ಲೇ ಓಡಾಡುತ್ತದೆ. ಹೊಳೆನರಸೀಪುರದ ಅಡುಗೆಮನೆಯಲ್ಲಿ ಕೂತು ಬರೆದರೂ ನಡೆಯುತ್ತದೆ. ಹಾಗಾದರೆ ದೂರದ ಊರಿನ ನಟಿಗೆ ನಟನೆಗಿಂತ ಬರವಣಿಗೆಯೇ ಸುಲಭದ ದಾರಿ ಆಗಬೇಕಿತ್ತು. ಆಗಲಿಲ್ಲ. ಯಾಕಂದರೆ ಬರೆಯುವ ಕೆಲಸ ಸಿಗುವುದು ಸೆಟ್‌ನಲ್ಲಿ, ಟೀ ಕುಡಿಯುವಾಗ, ಪ್ಯಾಕಪ್ ಆದ ಮೇಲೆ. ಕೂತು ಮಾಡುವ ಕೆಲಸವೇ ಆದರೂ ಅದು ಸಿಗಬೇಕಾದರೆ ನಿಂತಿರಬೇಕು.

ವಯಸ್ಸಿನ ವಿಷಯವೂ ಇದೆ. ಸ್ಟೇಜಿನ ಮೇಲೆ ನಲವತ್ತೈದರ ಹೆಂಗಸು ರಾಣಿಯೂ ಆಗಬಹುದು, ಕಂಸನೂ ಆಗಬಹುದು. ಕ್ಯಾಮೆರಾ ಮುಂದೆ ಅವಳು ಹೀರೋ ತಾಯಿ, ಹೀರೋಗೆ ನಲವತ್ತಾಗಿದ್ದರೂ ಸರಿ. ಅಕ್ಕನಿಗೆ ಬಂದ ಕರೆಗಳೆಲ್ಲ ಅಂಥವೇ. ಒಂದು ಕಡೆ ಎರಡು ದಿನದ ಶೂಟಿಂಗ್‌ಗೆ ಹೋದರು, ಯಾವ ಸೀರಿಯಲ್ ಅನ್ನುವುದು ಬೇಡ. ಅಲ್ಲೂ ಅದೇ ಮಾತು, ‘ಮೇಡಂ ನೀವು ನಾಟಕದೋರು, ಸ್ವಲ್ಪ ನೀವೇ ಮಾಡ್ಕೊಳ್ಳಿ.’ ಬಂದ ಸ್ಕ್ರಿಪ್ಟ್ ಬೇರೆ ಭಾಷೆಯ ಸೀರಿಯಲ್‌ನ ಅನುವಾದ, ಮಾತೆಲ್ಲ ಕಲ್ಲು ಕಲ್ಲು. ಕಥೆ ನಡೆಯುವುದು ಮಲೆನಾಡಿನಲ್ಲಿ ಅಂತೆ, ಆದರೆ ಮಾತು ಮಂಡ್ಯದ್ದು, ಅದೂ ಸಿನಿಮಾದ ಮಂಡ್ಯ. ಹಾಸನದ ಬಯಲು ಕಡೆ ‘ಎಲ್ಲಿಗ್ ಒಂಟ್ಯವ್ವ’ ಅನ್ನುವ ಜಾಗದಲ್ಲಿ ಮೂಡಿಗೆರೆ, ಕೊಪ್ಪದ ಕಡೆ ‘ಎಲ್ಲಿಗೆ ಹೊರಟಿದ್ದು ಮಾರಾಯ್ತಿ’ ಆಗುತ್ತದೆ, ‘ಏನು’ ಹೋಗಿ ‘ಎಂಥದು’ ಬರುತ್ತದೆ. ಅಕ್ಕ ಕಾಲ್‌ಶೀಟ್ ಹಿಂದೆ ನಾಲ್ಕು ಸೀನ್ ತಿದ್ದಿ ಬರೆದು ಕೊಟ್ಟರು. ಎಲ್ಲರಿಗೂ ಖುಷಿ. ಎರಡು ದಿನದ ಪೇಮೆಂಟ್ ಮೂರು ತಿಂಗಳು ಬಿಟ್ಟು ಬಂತು, ನಟನೆಯದ್ದು ಮಾತ್ರ. ಟೈಟಲ್ ಕಾರ್ಡ್‌ನಲ್ಲಿ ಸಂಭಾಷಣೆ ಅಂತ ಬಂದದ್ದು ಬೇರೆಯವರ ಹೆಸರು.

ನಮ್ಮ ಕಡೆಯವರಿಗೆ ಚಿತ್ರರಂಗದ ಜೊತೆ ನಂಟು ಇಲ್ಲ ಅಂತಲ್ಲ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಅವರಿಗೆ ಲೊಕೇಶನ್. ಶೂಟಿಂಗ್‌ಗಷ್ಟೇ ಅಲ್ಲ, ‘ಸ್ಟೋರಿ ಡಿಸ್ಕಶನ್’ಗೂ ತಂಡಗಳು ಇಲ್ಲಿನ ಹೋಮ್‌ಸ್ಟೇಗೆ ಬಂದು ನಾಲ್ಕೈದು ದಿನ ಕೂರುತ್ತವೆ. ಕಾಫಿ ತೋಟದ ನಡುವೆ ಐದು ಜನ ಗಂಡಸರು, ಒಂದು ಲ್ಯಾಪ್‌ಟಾಪ್, ರಾತ್ರಿ ಎರಡರವರೆಗೆ ಮಾತು. ಕನ್ನಡದ ಎಷ್ಟೋ ಕಥೆ ಹೀಗೆಯೇ ತಯಾರಾಗುವುದು. ಆ ಕೋಣೆಯಲ್ಲಿ ಒಬ್ಬ ಹೆಂಗಸು ಕೂರಬೇಕಾದರೆ ಏನೇನು ಯೋಚನೆ ಮಾಡಬೇಕು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರು ಪಡುವ ಪಾಡಿನ ಬಗ್ಗೆ ಕೇರಳದ ಹೇಮಾ ಸಮಿತಿ ಕೊಟ್ಟ ವರದಿ 2024ರ ಆಗಸ್ಟ್‌ನಲ್ಲಿ ಹೊರಗೆ ಬಂದ ಮೇಲೆ ಕರ್ನಾಟಕದಲ್ಲೂ ಅಂಥದ್ದೊಂದು ಸಮಿತಿ ಬೇಕು ಅಂತ ಚಿತ್ರರಂಗದವರದೇ ಆದ ‘ಫೈರ್’ ಸಂಸ್ಥೆಯವರು ಸರ್ಕಾರಕ್ಕೆ ಮನವಿ ಕೊಟ್ಟರು. ಆಗ ಚರ್ಚೆ ನಡೆದದ್ದು ಹೆಚ್ಚಾಗಿ ನಟಿಯರ ಸುತ್ತ. ಬರೆಯುವವರ ಮಾತು ಅಷ್ಟು ಬರಲಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಕೆಲಸದ ಸಲುವಾಗಿ ಹೋದ ಜಾಗವೂ ಕೆಲಸದ ಜಾಗವೇ, ಹೋಮ್‌ಸ್ಟೇ ಆದರೂ ಅಷ್ಟೇ. ದಿನಗೂಲಿ, ಕಾಂಟ್ರ್ಯಾಕ್ಟ್, ಸಂಬಳ ಇಲ್ಲದೆ ಬಂದವಳು ಕೂಡ ಅದರ ವ್ಯಾಪ್ತಿಗೆ ಬರುತ್ತಾಳೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆಯವರು ದೂರು ಕೊಡಲಿಕ್ಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಇದೆಲ್ಲ ಸೆಟ್‌ನಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ.

ಕಾನೂನು ಅಂದ ಕೂಡಲೇ ನಾಟಕದವರು ಕೈ ಮುಗಿಯುತ್ತಾರೆ. ಆದರೂ ಸ್ವಲ್ಪ ಕೇಳಿ, ಇದು ಉಪಯೋಗಕ್ಕೆ ಬರುವ ಭಾಗ.

ಐಡಿಯಾಗೆ ಕಾಪಿರೈಟ್ ಇಲ್ಲ. ಈ ಮಾತು ಗಟ್ಟಿಯಾದದ್ದೇ ಒಂದು ನಾಟಕದ ಕೇಸಿನಲ್ಲಿ. ಆರ್.ಜಿ. ಆನಂದ್ ಅನ್ನುವವರು ‘ಹಮ್ ಹಿಂದೂಸ್ತಾನಿ’ ಅಂತ ಒಂದು ನಾಟಕ ಬರೆದಿದ್ದರು. ಸಿನಿಮಾದವರು ಬಂದರು, ಅವರಿಗೆ ಪೂರ್ತಿ ಓದಿ ಹೇಳಿದರು. 1956ರಲ್ಲಿ ‘ನ್ಯೂ ಡೆಲ್ಲಿ’ ಸಿನಿಮಾ ಬಂತು, ನನ್ನದೇ ಕಥೆ ಅಂತ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ವಿಷಯ ಒಂದೇ ಇರಬಹುದು, ಕಟ್ಟಿದ ರೀತಿ ಬೇರೆ, ಇದು ಕದ್ದದ್ದಲ್ಲ. ಆನಂದ್ ಸೋತರು. ಸಿನಿಮಾದವರಿಗೆ ಕಥೆ ಹೇಳಲು ಹೋಗುವ ಎಲ್ಲರೂ ಈ ಕೇಸನ್ನು ಒಂದು ಸಲ ಓದಬೇಕು. ಬಾಯಲ್ಲಿ ಹೇಳಿದ ‘ಎಳೆ’ಗೆ ರಕ್ಷಣೆ ಇಲ್ಲ. ಬರೆದ ಸೀನ್‌ಗೆ, ಕಟ್ಟಿದ ಮಾತಿಗೆ ಇದೆ.

ಇಲ್ಲೇ ನಟಿಗೆ ಒಂದು ಬಾಗಿಲು ತೆರೆಯುತ್ತದೆ. 1957ರ ಕಾಪಿರೈಟ್ ಕಾಯ್ದೆ ನಾಟಕ ಕೃತಿ ಅಂದರೆ ಏನು ಅಂತ ಹೇಳುವಾಗ, ಅದು ಬರಹದಲ್ಲೋ ಬೇರೆ ಯಾವುದಾದರೂ ರೀತಿಯಲ್ಲೋ ದಾಖಲಾಗಿರಬೇಕು ಅನ್ನುತ್ತದೆ. ಬೇರೆ ರೀತಿ ಅಂದರೆ ಫೋನ್ ರೆಕಾರ್ಡಿಂಗ್ ಯಾಕಾಗಬಾರದು? ತಾಲೀಮಿನಲ್ಲಿ ಹುಟ್ಟಿದ ಮಾತು ಗಾಳಿಗೆ ಹೋದರೆ ಹೋಯಿತು. ತಾರೀಕಿನ ಸಮೇತ ಫೋನ್‌ನಲ್ಲಿ ಇದ್ದರೆ, ಅವತ್ತೇ ರಾತ್ರಿ ಟೈಪ್ ಮಾಡಿ ತಂಡದ ಗ್ರೂಪಿಗೆ ಹಾಕಿದರೆ, ಆಮೇಲೆ ಯಾರದು ಅನ್ನುವ ಪ್ರಶ್ನೆ ಬಂದಾಗ ತೋರಿಸಲು ಏನಾದರೂ ಇರುತ್ತದೆ. ರಿಜಿಸ್ಟರ್ ಮಾಡಿಸದೆಯೂ ಹಕ್ಕು ಇರುತ್ತದೆ. ಮಾಡಿಸುವುದಾದರೆ ಒಂದು ಬರಹಕ್ಕೆ 500 ರೂಪಾಯಿ ಫೀಸು. ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದು ಬರಹದಲ್ಲಿ, ಸಹಿಯ ಜೊತೆ ಆಗಬೇಕು. ‘ಆಯ್ತು ಬಿಡಿ ಮೇಡಂ, ನೋಡ್ಕೊಳ್ಳೋಣ’ ಅಂದ ಮಾತ್ರಕ್ಕೆ ಹಕ್ಕು ಕೈ ಬದಲಾಗುವುದಿಲ್ಲ. ಎಷ್ಟು ವರ್ಷಕ್ಕೆ ಅಂತ ಅಗ್ರಿಮೆಂಟ್‌ನಲ್ಲಿ ಬರೆಯದೇ ಇದ್ದರೆ ಐದು ವರ್ಷ ಅಂತಲೇ ಲೆಕ್ಕ. 2012ರ ತಿದ್ದುಪಡಿ ಆದ ಮೇಲೆ, ಸಿನಿಮಾದಲ್ಲಿ ಬಳಸಿದ ಬರಹವನ್ನು ಥಿಯೇಟರ್‌ನಲ್ಲಿ ಸಿನಿಮಾ ತೋರಿಸುವುದು ಬಿಟ್ಟು ಬೇರೆ ಕಡೆ ಬಳಸಿದರೆ ಬರೆದವರಿಗೆ ರಾಯಲ್ಟಿಯಲ್ಲಿ ಪಾಲು ಇದೆ. ಅದನ್ನು ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಕಾಗದದ ಮೇಲೆ ಕಾನೂನು ಬರೆಯುವವರ ಪರವಾಗಿಯೇ ಇದೆ. ಕೈಗೆ ಪೈಸೆ ಬರಬೇಕಾದರೆ ಮೊದಲು ನೀವು ಬರೆದವರು ಅಂತ ಎಲ್ಲಾದರೂ ಇರಬೇಕು.

ಹೊರಗಿನದೊಂದು ಉದಾಹರಣೆ. ಲಂಡನ್ನಿನ ಮಿಕೇಲಾ ಕೋಲ್ ಏಕವ್ಯಕ್ತಿ ನಾಟಕ ಬರೆದು ತಾವೇ ಮಾಡಿದವರು. ಅದೇ ನಾಟಕ 2015ರಲ್ಲಿ ಟಿವಿ ಸರಣಿ ಆಯಿತು, ಬರೆದದ್ದೂ ನಟಿಸಿದ್ದೂ ಅವರೇ. ಮುಂದಿನ ದೊಡ್ಡ ಸರಣಿಗೆ ನೆಟ್‌ಫ್ಲಿಕ್ಸ್ ಹತ್ತು ಲಕ್ಷ ಡಾಲರ್ ಕೊಡಲು ಬಂದಾಗ, ಕಾಪಿರೈಟ್‌ನಲ್ಲಿ ಸ್ವಲ್ಪವೂ ಪಾಲು ಕೊಡುವುದಿಲ್ಲ ಅಂದರು ಅನ್ನುವ ಕಾರಣಕ್ಕೆ ಬೇಡ ಅಂದುಬಿಟ್ಟರು. ಆ ಸರಣಿ 2020ರಲ್ಲಿ ಬಿಬಿಸಿಯಲ್ಲಿ ಬಂತು. ನಮ್ಮವರಿಗೂ ಲಂಡನ್ನಿಗೂ ಏನು ಹೋಲಿಕೆ ಅಂತ ಕೇಳಬಹುದು. ದುಡ್ಡಿನಲ್ಲಿ ಹೋಲಿಕೆ ಇಲ್ಲ, ನಿಜ. ಆದರೆ ಅವರು ಬೇಡ ಅನ್ನಲು ಸಾಧ್ಯವಾದದ್ದು ನಾಟಕದ ದಿನದಿಂದಲೂ ಬರೆದವರು ಅಂತ ಅವರ ಹೆಸರೇ ಇದ್ದದ್ದರಿಂದ.

ನಮ್ಮಲ್ಲಿ ಈ ಹೆಸರಿನ ವಿಷಯ ಬರೀ ಮರ್ಯಾದೆಯ ಪ್ರಶ್ನೆ ಅಂತ ತಿಳಿದಿದ್ದೇವೆ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ ಕೊಟ್ಟರೆ ಮುಗಿಯಿತು. ಅಕ್ಕನ ಮನೆಯ ಬೀರುವಿನಲ್ಲಿ ಶಾಲು ಇಡಲು ಜಾಗ ಇಲ್ಲ. ಆದರೆ 2024ರಲ್ಲಿ ನಮ್ಮ ವಿಧಾನಸಭೆ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಟಿಕೆಟ್ ಮೇಲೆ, ಒಟಿಟಿ ಚಂದಾ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕಿ ಕಲಾವಿದರ ಭದ್ರತೆಗೆ ನಿಧಿ ಮಾಡುವ ಯೋಜನೆ ಅದು. ಯಾವ ಯೋಜನೆಯೇ ಬರಲಿ, ಕೊನೆಗೆ ಯಾವುದೋ ಮೇಜಿನ ಹಿಂದೆ ಕೂತವರು ಏನು ಕೆಲಸ ಮಾಡಿದ್ದೀರಿ, ತೋರಿಸಿ ಅನ್ನುತ್ತಾರೆ. ಆವಾಗ ಟೈಟಲ್ ಕಾರ್ಡ್ ಬೇಕು, ಪಾಂಪ್ಲೆಟ್ ಬೇಕು, ಅಗ್ರಿಮೆಂಟ್ ಬೇಕು. ಶಾಲು ತೋರಿಸಿದರೆ ಆಗುತ್ತದಾ?

ನಿರ್ದೇಶಕರ ಕಡೆಯ ವಾದವೂ ಇದೆ, ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ತಾಲೀಮಿನಲ್ಲಿ ಎಲ್ಲರೂ ಏನೋ ಒಂದು ಸೇರಿಸುತ್ತಾರೆ, ಎಲ್ಲದಕ್ಕೂ ಹೆಸರು ಹಾಕುತ್ತಾ ಹೋದರೆ ಪಾಂಪ್ಲೆಟ್ ಮದುವೆ ಕಾರ್ಡ್ ಆಗುತ್ತದೆ. ಒಪ್ಪುತ್ತೇನೆ. ಒಂದು ‘ಅಯ್ಯೋ’ ಸೇರಿಸಿದವರಿಗೆ ಹೆಸರು ಬೇಡ. ಆದರೆ ಸೀನ್ ಕಟ್ಟಿದ್ದು ಯಾರು ಅನ್ನುವುದು ಆ ಹಾಲ್‌ನಲ್ಲಿ ಇದ್ದ ಎಲ್ಲರಿಗೂ ಗೊತ್ತಿರುತ್ತದೆ. ‘ಹೆಚ್ಚುವರಿ ಸಂಭಾಷಣೆ’ ಅಂತ ಒಂದು ಸಾಲು ಹಾಕಿದರೆ ಪ್ರಿಂಟಿಂಗ್ ಪ್ರೆಸ್‌ನವನು ಜಾಸ್ತಿ ದುಡ್ಡು ಕೇಳುವುದಿಲ್ಲ. ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಬೆಳಕು ಅಂತ ನನ್ನ ಹೆಸರು ಸರಿಯಾಗಿ ಬಂದಿದೆಯಾ ಅಂತ ಪ್ರೂಫ್ ನೋಡಿಕೊಟ್ಟವನೂ ನಾನೇ.

ಈ ಸಲ ಹೊಸ ನಾಟಕ ಶುರುವಾಗಿದೆ. ಅಕ್ಕ ಒಂದು ನೂರು ಪುಟದ ನೋಟ್‌ಬುಕ್ ತರುತ್ತಾರೆ, ಮೇಲೆ ತಾರೀಕು ಬರೆಯುತ್ತಾರೆ, ಫೋನನ್ನು ಕಿಟಕಿ ಮೇಲೆ ಆನ್ ಮಾಡಿ ಇಡುತ್ತಾರೆ. ಎರಡು ವಾರ ಯಾರೂ ಏನೂ ಕೇಳಲಿಲ್ಲ. ಹೋದ ಗುರುವಾರ ಎರಡನೇ ಅಂಕದ ನಡುವೆ ಒಂದು ಕಡೆ ಮಾತು ಸಿಕ್ಕಿಕೊಂಡಿತು. ನಿರ್ದೇಶಕರು ಗಡಿಯಾರ ನೋಡಿದರು.

‘ಅದೊಂದು ಡೈಲಾಗ್ ಸ್ವಲ್ಪ ನೀವೇ ಮಾಡ್ಕೊಳ್ಳಿ ಅಕ್ಕ.’

ಅಕ್ಕ ನೋಟ್‌ಬುಕ್ ಬಿಚ್ಚಿದರು. ‘ಮಾಡ್ತೀನಿ ಸರ್. ಪಾಂಪ್ಲೆಟ್ ಇನ್ನೂ ಪ್ರಿಂಟ್‌ಗೆ ಹೋಗಿಲ್ಲ ತಾನೇ?’